ಲೊಂಬೆಯ ಒಂದು ದಿನದ ಹಾಜರಿ

ವರ್ಷಕ್ಕೊಮ್ಮೆ ಪೇಟೆಯಿಂದ ಶಾಲಾ ತನಿಖೆಗೆ ಬರುವ ಸಾಹೇಬರಿಗೆ ನಮ್ಮ ಹಳೆಯ ಹಾಜರಿ ಪುಸ್ತಕದ ಒಂದು ಪುಟದ ಮೇಲೆ ಬಹಳ ಸಿಟ್ಟು. ಯುದ್ಧ ಮುಗಿದ ವರ್ಷದ ಪುಟ ಅದು. ಶಾಲೆಯಲ್ಲಿ ಇದ್ದ ಮಕ್ಕಳು ನಲವತ್ತೊಂದು, ಆ ಒಂದು ದಿನದ ಹಾಜರಿ ಮಾತ್ರ ನಲವತ್ತೆರಡು. "ನಿಮ್ಮ ಮೇಷ್ಟ್ರಿಗೆ ಕೂಡೋಕೂ ಬರ್ತಿರಲಿಲ್ವೇನಮ್ಮ?" ಎಂದು ಹೋದ ಸಲ ಬಂದವರೊಬ್ಬರು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಲಹಾಯ್ ಸ್ವಾರೆ ಮೇಷ್ಟ್ರಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನುವ ಬಾಯಿಗೆ ನನ್ನ ಸೌಟಿನಿಂದಲೇ ಉತ್ತರ ಕೊಡಬೇಕು. ಆದರೆ ಈಗ ನಾನೂ ಒಂದನೇ ತರಗತಿಯ ಮೇಡಂ, ಸೌಟು ಬಿಟ್ಟು ಎಷ್ಟೋ ವರ್ಷವಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೇಷ್ಟ್ರು ನನ್ನ ಭಾವ, ನನ್ನಕ್ಕ ಯಟ್ಟಾಳ ಗಂಡ. ನಮ್ಮೂರು ಗೊಲಾಹುನ್‌ನಲ್ಲಿ ಮೊದಲು ಟೀಚರ್ ಟ್ರೈನಿಂಗ್ ಮುಗಿಸಿದವರು ಅವರೇ. ಕಡ್ಡಿಯಂಥ ಆಳು. ಎಂಥ ಸೆಕೆಯಲ್ಲೂ ಅಂಗಿಯ ಗುಂಡಿ ಕುತ್ತಿಗೆವರೆಗೂ ಹಾಕಿರುತ್ತಿದ್ದರು. ಮದುವೆಯ ದಿನವೂ ಜೇಬಿನಲ್ಲಿ ಸೀಮೆಸುಣ್ಣವಿತ್ತು ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಹೊಳೆ ದಾಟುವಾಗ ಕೆಟ್ಟು ನಿಂತ ಲಾರಿಯೊಂದರ ಚಕ್ರದ ರಿಮ್ಮನ್ನು ಬಿಚ್ಚಿ ತಂದು ಶಾಲೆಯ ಮಾವಿನ ಮರಕ್ಕೆ ತೂಗುಹಾಕಿದವರೂ ಅವರೇ. ಅದೇ ಶಾಲೆಯ ಗಂಟೆ. ಒಳಗೆ ಬರಲು ಬಿಡಿಬಿಡಿಯಾಗಿ ಆರು ಪೆಟ್ಟು. ಶಾಲೆ ಬಿಡುವಾಗ ಮಾತ್ರ ಕೈ ನಿಲ್ಲಿಸದೆ ಉದ್ದಕ್ಕೆ ಬಾರಿಸುತ್ತಿದ್ದರು. ಆ ಉದ್ದನೆಯ ಗಂಟೆ ಆಗದೆ ಯಾರೂ ಹೊಸಿಲು ದಾಟುವಂತಿರಲಿಲ್ಲ, ಹೊಟ್ಟೆನೋವು ಬಂದರೂ ಅಷ್ಟೇ.

ಅಕ್ಕನಿಗೆ ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ನಾಲ್ಕನೆಯದು ಹೆಣ್ಣು. ಹಾಗೆ ಮಕ್ಕಳನ್ನು ಕಳೆದುಕೊಂಡ ಮನೆಯಲ್ಲಿ ನಮ್ಮವರು ಇಡುವ ಹೆಸರನ್ನೇ ಇಟ್ಟರು, ಲೊಂಬೆ ಎಂದು. ಇಲ್ಲೇ ಇರು ಎಂದು ಅದರ ಅರ್ಥ. ಅಪ್ಪನ ಶಾಲೆಗೇ ಸೇರಿದಳು. ಶಾಲೆಯೊಳಗೆ ಅಪ್ಪ ಎನ್ನುವಂತಿಲ್ಲ, ಸಾರ್ ಎನ್ನಬೇಕು. ಒಮ್ಮೆಯೂ ತಪ್ಪಿದವಳಲ್ಲ. ಹೇಳಿದ ಮಾತು ಮೀರದ ಮಗು ಅಂದರೆ ಅದು.

ಅವಳಿಗೆ ಏಳಾದ ವರ್ಷ ಬಂಡುಕೋರರು ಪಕ್ಕದ ಊರುಗಳಿಗೆ ಬಂದರು. ಒಂದು ಊರಲ್ಲಿ ತಾಯಿಯ ಕುತ್ತಿಗೆಗೆ ಕತ್ತಿ ಹಿಡಿದು, ಕಾಡಿನಲ್ಲಿ ಅಡಗಿದ್ದ ಮಕ್ಕಳ ಹೆಸರನ್ನು ಅವಳ ಬಾಯಲ್ಲೇ ಕರೆಸಿದರಂತೆ. ಅವ್ವನ ದನಿಗೆ ಎದ್ದು ಬಂದ ಮಕ್ಕಳು ಒಬ್ಬರೂ ಉಳಿಯಲಿಲ್ಲ. ಆ ಸುದ್ದಿ ಬಂದ ಮಾರನೆಯ ದಿನದಿಂದ ಭಾವ ಮಗ್ಗಿಗಿಂತ ಮೊದಲು ಒಂದು ಹೊಸ ಪಾಠ ಶುರುಮಾಡಿದರು.

"ಗುಂಡಿನ ಸದ್ದು ಕೇಳಿದ್ರೆ ಏನ್ಮಾಡ್ತೀರಿ?"

"ಕೆಸರುಗದ್ದೆ ದಾಟಿ ಕಾಡೊಳಗೆ ಹೋಗಿ ಕೂತ್ಕೋತೀವಿ ಸಾರ್!"

"ನಿಮ್ಮವ್ವ ಹೆಸರು ಹಿಡಿದು ಕರೆದ್ರೆ?"

"ಓಗೊಡಲ್ಲ ಸಾರ್!"

"ನಾನೇ ಕರೆದ್ರೆ?" ಇದನ್ನು ಲೊಂಬೆಯನ್ನೇ ಕೇಳುತ್ತಿದ್ದರು.

"ನೀವು ಕರೆದ್ರೂ ಓಗೊಡಲ್ಲ ಸಾರ್. ಗಂಟೆ ಬಾರಿಸಿದ್ರೆ ಮಾತ್ರ ಬರ್ತೀನಿ."

"ಭೇಷ್. ಕೂತ್ಕೋ."

ಆ ವಾರ ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮಾತಾಡಿದರೆ ಆ ಸಂದಿನಿಂದ ಗಾಳಿ ಸುಯ್ಯೆನ್ನುತ್ತಿತ್ತು. ಎರಡನೇ ಹಲ್ಲನ್ನು ಶಾಲೆಯ ಮಾಡಿನ ಮೇಲೆ ಎಸೆದವಳು ನಾನೇ. "ಚಿಕ್ಕಮ್ಮ, ಹೊಸದು ಯಾವಾಗ ಬರತ್ತೆ?" ಎಂದಳು. "ಬಾಯಿ ಮುಚ್ಕೊಂಡಿದ್ರೆ ಬೇಗ ಬರತ್ತೆ" ಎಂದೆ. ಈ ಮಾತನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬಂಡುಕೋರರು ನಮ್ಮೂರಿಗೆ ಬಂದದ್ದು ಮಾರನೆಯ ಬೆಳಗ್ಗೆ. ಮಕ್ಕಳು ಕಲಿತ ಹಾಗೇ ಓಡಿದರು. ದೊಡ್ಡವರು ದಿಕ್ಕಾಪಾಲಾದೆವು. ಮೂರನೇ ದಿನ ಅವರು ತೊಲಗಿದ ಮೇಲೆ ನಾವು ಬಂದು ನೋಡಿದರೆ ಶಾಲೆ ಬೂದಿಯಾಗಿತ್ತು, ಮಾವಿನ ಮರದಲ್ಲಿ ಹಗ್ಗ ಮಾತ್ರ ನೇತಾಡುತ್ತಿತ್ತು. ರಿಮ್ಮನ್ನು ಹೊತ್ತುಕೊಂಡು ಹೋಗಿದ್ದರು. ಉಳಿದ ಮಕ್ಕಳು ಅವರವರ ಮನೆಯವರಿಗೆ ಕಾಡಿನಲ್ಲಿ ಎದುರಾಗಿದ್ದರು, ಇಲ್ಲವೇ ಸಿಕ್ಕಿಬಿದ್ದಿದ್ದರು. ಲೊಂಬೆ ಎರಡರಲ್ಲೂ ಇರಲಿಲ್ಲ.

ಭಾವ ಕಾಡಿನಲ್ಲಿ ಅವಳ ಹೆಸರು ಕೂಗುತ್ತಾ ಮೂರು ದಿನ ಅಲೆದರು. ಗುದ್ದಲಿಗೆ ಕಲ್ಲು ಬಡಿದರು, ಪಾತ್ರೆ ಬಡಿದರು. ಯಾವುದೂ ಆ ರಿಮ್ಮಿನ ಹಾಗೆ ಕೇಳಿಸಲಿಲ್ಲ. ಯಾರೂ ಓಗೊಡಲಿಲ್ಲ. "ಇಲ್ಲೇ ಇದ್ದಾಳೆ ಜಿಲೋ," ಎಂದು ನನ್ನ ಕೈ ಹಿಡಿದುಕೊಂಡರು. "ನಾನು ಹೇಳ್ಕೊಟ್ಟಿದ್ದನ್ನೇ ಮಾಡ್ತಿದ್ದಾಳೆ." ಮತ್ತೆ ಗುಂಡಿನ ಸದ್ದು ಕೇಳಿದಾಗ ನಾಲ್ಕು ಜನ ಅವರನ್ನು ಎಳೆದುಕೊಂಡು ಗಡಿಯ ದಾರಿ ಹಿಡಿದೆವು.

ಗಡಿಯಾಚೆ ಗಿನಿ ದೇಶದ ನಿರಾಶ್ರಿತರ ಶಿಬಿರದಲ್ಲಿ ಏಳು ವರ್ಷ ಕಳೆದೆವು.  ಓಡುವಾಗ ಕೈಯಲ್ಲೇ ಇದ್ದ ಹಾಜರಿ ಪುಸ್ತಕವನ್ನು ಭಾವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡೇ ಮಲಗುತ್ತಿದ್ದರು.

ಯುದ್ಧ ಮುಗಿಯಿತು ಎಂದು ರೇಡಿಯೋ ಹೇಳಿದ ಮೇಲೆ ಊರಿಗೆ ಬಂದೆವು. ಎಲ್ಲರೂ ಮೊದಲು ಮಾಡಿದ ಕೆಲಸ ಸತ್ತವರನ್ನು ಹೊಳೆ ದಾಟಿಸಿದ್ದು. ಸತ್ತವರು ಹಿರಿಯರನ್ನು ಸೇರಲು ಒಂದು ಹೊಳೆ ದಾಟಬೇಕು ಎಂದು ನಮ್ಮವರ ನಂಬಿಕೆ. ಗಂಡಾದರೆ ಸತ್ತ ನಾಲ್ಕನೇ ದಿನ, ಹೆಣ್ಣಾದರೆ ಮೂರನೇ ದಿನ, ಹಿರಿಯರಿಗೆ ತಾಳೆ ಎಣ್ಣೆ ಕಲಸಿದ ಕೆಂಪನ್ನ ಇಟ್ಟು ದಾಟಿಸಬೇಕು. ಕೋಳಿ ಅನ್ನ ಕುಕ್ಕಿದರೆ ಹಿರಿಯರು ಒಪ್ಪಿದರು ಎಂದರ್ಥ. ದಾಟಿಸದೆ ಬಿಟ್ಟವರು ಈಚೆ ದಡದಲ್ಲೇ ನಿಂತಿರುತ್ತಾರೆ. ಬದುಕಿರುವವರಿಗೆ ಮಾಡಿದರೆ ಇನ್ನೂ ಕೆಟ್ಟದ್ದು, ಅವರಿಗೆ ಮನೆಯ ದಾರಿ ಮತ್ತೆ ಎಂದೂ ಸಿಗುವುದಿಲ್ಲ.

"ಕನಸಲ್ಲಿ ಬರ್ತಾಳೆ ಕಣ್ರೀ," ಎಂದು ಅಕ್ಕ ಅಂಗಲಾಚಿದಳು. "ಮೊಣಕಾಲವರೆಗೂ ಒದ್ದೆ. ಅವ್ವಾ ಅನ್ನಲ್ಲ, ಏನೂ ಅನ್ನಲ್ಲ. ಸುಮ್ನೆ ನೋಡ್ತಾ ನಿಂತಿರ್ತಾಳೆ. ದಾಟಿಸಿಬಿಡೋಣ."

"ಬದುಕಿದ್ರೆ?" ಎಂದರು ಭಾವ.

"ಬದುಕಿದ್ರೆ ಏಳು ವರ್ಷ ಬರ್ದೆ ಇರ್ತಿದ್ಲಾ?"

"ಗಂಟೆ ಎಲ್ಲಿ ಬಾರಿಸಿದ್ದೀನಿ ನಾನು?"

ಅಕ್ಕ ಎದ್ದು ಹೊರಗೆ ಹೋದಳು. 

ಭಾವ ಶಾಲೆ ಕಟ್ಟಲು ನಿಂತರು. ಜನ ತಮ್ಮ ಮನೆಗೆ ಮಾಡು ಹೊದಿಸುವ ಮೊದಲು ಅವರು ಮಣ್ಣಿನ ಇಟ್ಟಿಗೆ ಅಚ್ಚು ಹಾಕುತ್ತಿದ್ದರು. ಅರ್ಧ ತಾಳೆಗರಿ, ಅರ್ಧ ನೀಲಿ ಟಾರ್ಪಾಲು ಹೊದಿಸಿ ಬಾಗಿಲು ತೆರೆದೇಬಿಟ್ಟರು. ನಲವತ್ತೊಂದು ಮಕ್ಕಳು ಬಂದರು. ಕೆಲವರು ನಮ್ಮ ಜೊತೆ ಶಿಬಿರದಿಂದ ಬಂದವರು, ಉಳಿದವರು ಬಂಡುಕೋರರ ಸೆರೆಯಿಂದ ಬಿಡಿಸಿಕೊಂಡು ಬಂದವರು. ಒಂದನೇ ತರಗತಿಯ ಬೆಂಚಿನಲ್ಲಿ ಆರು ವರ್ಷದವರ ಪಕ್ಕ ಹದಿನಾಲ್ಕರ ಫುದಿಯಾ ಗಾಮಾ, ಅವಳ ಬೆನ್ನಿಗೆ ಕಟ್ಟಿದ ಕೂಸು ಬೇರೆ. ಮಕ್ಕಳಿಗೆ ಅಡುಗೆ ಮಾಡುವ ಕೆಲಸ ನನ್ನದು. ಒಲೆ ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಅಲ್ಲೇ ನಿಂತು ನಾನೂ ಅಕ್ಷರ ಕಲಿತೆ.

ಆ ತರಗತಿಯನ್ನು ನೋಡಿದ್ದರೆ ನಿಮಗೂ ಮೈ ಜುಮ್ಮೆನ್ನುತ್ತಿತ್ತು. ನಲವತ್ತೊಂದು ಮಕ್ಕಳು, ಒಂದು ಪಿಸುಮಾತಿಲ್ಲ. ಕೆಮ್ಮು ಬಂದರೂ ಅಂಗೈ ಕಚ್ಚಿ ನುಂಗುತ್ತಿದ್ದರು. ಭಾವ ಹೆಸರು ಕರೆಯುತ್ತಿದ್ದರು, ಮಕ್ಕಳು ಅವರ ಮುಖವನ್ನೇ ನೋಡುತ್ತಿದ್ದರು, ಯಾರೂ ಓಗೊಡುತ್ತಿರಲಿಲ್ಲ. ಹೆಸರಿಗೆ ಓಗೊಟ್ಟವರು ಸತ್ತದ್ದನ್ನು ಕಣ್ಣಾರೆ ಕಂಡ ಮಕ್ಕಳು ಅವು. ಸ್ವಂತ ಹೆಸರು ಕಿವಿಗೆ ಬಿದ್ದೊಡನೆ ಕಲ್ಲಾಗುವುದನ್ನು ಯುದ್ಧದುದ್ದಕ್ಕೂ ಕಲಿತಿದ್ದವು. ಭಾವ ತಲೆ ಎಣಿಸಿ ಗುರುತು ಹಾಕುತ್ತಿದ್ದರು.

ಅಷ್ಟರಲ್ಲಿ ಕೆಸರುಗದ್ದೆಯ ಮಾತು ಶುರುವಾಯಿತು. ಧೂಳಿನ ಮಂಜು ಕವಿಯುವ ಒಣ ತಿಂಗಳುಗಳು ಅವು, ಹತ್ತು ಮಾರು ಆಚೆ ಇರುವುದು ಕಾಣುವುದಿಲ್ಲ. ಸೌದೆಗೆ ಹೋದ ಹುಡುಗಿಯರು ಬರಿಗೈಯಲ್ಲಿ ವಾಪಸಾದರು. ಏನು ಕೇಳಿದರೂ ಬಾಯಿ ಬಿಡಲಿಲ್ಲ. ಫುದಿಯಾ ಒಬ್ಬಳೇ ನನ್ನ ಒಲೆಯ ಬಳಿ ಕೂತು ಹೇಳಿದಳು.

"ಜಿಲೋ ಅತ್ತೆ, ಈಚಲ ಪೊದೆ ಹಿಂದೆ ಒಂದು ಪಾಪು ಕೂತಿದೆ."

"ಯಾರ ಪಾಪು?"

"ಗೊತ್ತಿಲ್ಲ. ನಾವು ಮಾತಾಡ್ಸೋಕೆ ಹೋದ್ರೆ ತುಟಿ ಮೇಲೆ ಬೆರಳಿಡತ್ತೆ. ಸದ್ದು ಮಾಡ್ಬೇಡಿ ಅನ್ನೋ ಹಾಗೆ."

ನನ್ನ ಕೈಯಲ್ಲಿದ್ದ ಸೌಟು ಒಲೆಗೆ ಬಿತ್ತು. ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ದಾಟದೆ ಉಳಿದದ್ದು ಒಂಟಿಯಾಗಿ ಇರುವುದಿಲ್ಲ, ಜೊತೆಗೆ ಮಕ್ಕಳನ್ನು ಎಳೆದುಕೊಳ್ಳುತ್ತದೆ ಎಂದು ಅಜ್ಜಿಯರು ಹೇಳಿದರು. ಊರ ಮುಖ್ಯಸ್ಥರು ಭಾವನನ್ನು ಕರೆಸಿದರು. ನಾವು ಹೆಂಗಸರು ಹೊರಗೆ ನಿಂತು ಕೇಳಿಸಿಕೊಂಡೆವು.

"ಮೇಷ್ಟ್ರೇ, ಮಗಳನ್ನ ದಾಟಿಸಿ. ಇಲ್ಲಾಂದ್ರೆ ಒಂದು ಮಗೂನೂ ನಿಮ್ಮ ಶಾಲೆಗೆ ಕಳ್ಸಲ್ಲ."

"ಒಂದೇ ಒಂದು ಸಲ ಗಂಟೆ ಬಾರಿಸ್ತೀನಿ," ಎಂದರು ಭಾವ. "ಹಳೇ ಗಂಟೆ. ಬಂದ್ರೆ ಬಂದ್ಲು. ಬರದಿದ್ರೆ ನೀವು ಹೇಳಿದ ಹಾಗೇ ಆಗ್ಲಿ."

ರಿಮ್ಮನ್ನು ಹುಡುಕಿ ತಂದವನು ಕಮ್ಮಾರ ಮಾಂಬು. ಹನ್ನೆರಡು ಮೈಲಿ ಆಚೆ ಬಂಡುಕೋರರ ಪಾಳುಬಿದ್ದ ಬಿಡಾರದಲ್ಲಿ ಮರಕ್ಕೆ ನೇತಾಡುತ್ತಿತ್ತಂತೆ. ಅಂಚಿನ ಸೀಳು, ಹಳದಿ ಬಣ್ಣ ಎಲ್ಲ ಅದೇ. ತಲೆಯ ಮೇಲೆ ಹೊತ್ತು ತಂದ. "ಬೇರೆ ರಿಮ್ ಇಲ್ವೇನ್ರೀ ದೇಶದಲ್ಲಿ? ಕುತ್ತಿಗೆ ಒಳಗೇ ಹೋಯ್ತು ನಂದು," ಎಂದು ಗೊಣಗುತ್ತಲೇ ಮಾವಿನ ಮರಕ್ಕೆ ಕಟ್ಟಿದ. ಭಾವ ಅಂಗಿಯ ಗುಂಡಿ ಸರಿಮಾಡಿಕೊಂಡು ಕಬ್ಬಿಣದ ಸರಳು ಎತ್ತಿ ಬಾರಿಸಿದರು. ಬಿಡಿಬಿಡಿಯಾಗಿ ಆರು ಪೆಟ್ಟು.

ಆರನೆಯದು ಮುಗಿಯುವುದರೊಳಗೆ ಅಂಗಳದಲ್ಲಿ ಒಂದೇ ಒಂದು ಮಗು ಇರಲಿಲ್ಲ. ಅತ್ತಿಲ್ಲ, ಕಿರುಚಿಲ್ಲ, ಕಾಲಿನ ಸದ್ದು ಕೂಡ ಇಲ್ಲ. ನಲವತ್ತೊಂದೂ ಧೂಳಿನ ಮಂಜಿನೊಳಗೆ ಹೊಕ್ಕು ಮಾಯವಾಗಿದ್ದವು.

ಮಾಂಬು ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಬಿಡಾರದಲ್ಲಿ ಬಾಂಬಿನ ವಿಮಾನ ಬಂದಾಗ ಇದನ್ನೇ ಬಾರಿಸ್ತಿದ್ರು. ಈ ಮಕ್ಕಳು ಅರ್ಧಕ್ಕರ್ಧ ಅಲ್ಲೇ ಬೆಳೆದವು. ಇದು ಕೇಳಿದ್ರೆ ಓಡಿ ಅಡಗ್ಬೇಕು ಅಂತಾನೇ ಅವಕ್ಕೆ ಗೊತ್ತಿರೋದು! ಅವು ಓಡಿದ್ರೆ ಮಿಕ್ಕವೂ ಓಡ್ತವೆ!"

ಒಬ್ಬರನ್ನು ಹೊರಗೆ ಕರೆಯಲು ಹೋಗಿ ನಲವತ್ತೊಂದು ಮಕ್ಕಳನ್ನು ಕಾಡಿಗೆ ಅಟ್ಟಿದಂತಾಯಿತು. ತಾಯಂದಿರು ಗದ್ದೆಯ ಅಂಚಿನಲ್ಲಿ ನಿಂತು ಹೆಸರು ಕೂಗಿದರು. ಒಬ್ಬರೂ ಓಗೊಡಲಿಲ್ಲ. ನಾನೂ ಭಾವನೂ ಒಳಗೆ ಹೋದೆವು. ಗಾಳಿಗೆ ಎಲೆಯೂ ಅಲುಗುತ್ತಿರಲಿಲ್ಲ, ಆದರೂ ಸುತ್ತ ಉಸಿರಾಟ ಇದೆ ಎಂದು ಬೆನ್ನಿಗೆ ತಿಳಿಯುತ್ತಿತ್ತು. ಭಾವ "ಫುದಿಯಾ! ಫುದಿಯಾ!" ಎಂದು ಕೂಗುತ್ತಾ ನಡೆದರು. ನಾನು ಕೆಳಗೆ ನೋಡಿದೆ. ಅವರ ಚಪ್ಪಲಿಯ ಪಕ್ಕದಲ್ಲೇ, ಒಂದು ಗೇಣು ಆಚೆ, ತರಗೆಲೆಯೊಳಗೆ ಫುದಿಯಾ ಮಲಗಿದ್ದಳು. ಕೂಸಿನ ಬಾಯಿ ಮೇಲೆ ಕೈ. ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯದೆ ನಮ್ಮನ್ನು ನೋಡುತ್ತಿದ್ದಳು.

ಭಾವನಿಗೂ ಕಂಡಿತು. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಅವತ್ತೂ ಹಿಂಗೇ ಇರ್ಬೇಕು ಜಿಲೋ. ನಾನು ಅವಳ ಪಕ್ಕದಲ್ಲೇ ನಡ್ಕೊಂಡು ಹೋಗಿರ್ಬೇಕು. ಅಪ್ಪನ ಕಾಲು ನೋಡ್ತಾ ಸುಮ್ನೆ ಕೂತಿದ್ದಿರ್ಬೇಕು ಅವಳು."

  "ಏಳಿ ಭಾವ, ಕೂಗೋದು ಸಾಕು. ಅಡುಗೆ ತಣ್ಣಗಾಗತ್ತೆ," ಎಂದೆ. ವಾಪಸು ಬಂದು ಮರಗೆಣಸಿನ ಸೊಪ್ಪಿನ ಸಾರಿನ ಮುಚ್ಚಳ ತೆಗೆದಿಟ್ಟು, ಒಣಮೀನು ಸುಟ್ಟು, ಬಾಯಿ ಮುಚ್ಚಿಕೊಂಡು ಕಾದೆ. ತಾಳೆ ಎಣ್ಣೆಯ ವಾಸನೆ ಗದ್ದೆಯ ಕಡೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮಂಜಿನಿಂದ ಒಂದು ತಲೆ ಎದ್ದಿತು. ಆಮೇಲೆ ಇನ್ನೊಂದು. ಒಬ್ಬೊಬ್ಬರಾಗಿ ಎಲ್ಲ ಬಂದು ಸಾಲಾಗಿ ನಿಂತರು.

ತಟ್ಟೆ ನಲವತ್ತೊಂದು. ನಾನೇ ತೊಳೆದು ಎಣಿಸಿಟ್ಟದ್ದು. ತಲೆ ಎತ್ತದೆ ಬಡಿಸುತ್ತಾ ಹೋದೆ. ಎಲ್ಲ ತಟ್ಟೆಗೂ ಬಡಿಸಿ ಮುಗಿದ ಮೇಲೆ ಇನ್ನೊಂದು ಕೈ ಮುಂದೆ ಬಂತು. ಪುಟ್ಟ ಕೈ, ಮೊಣಕೈವರೆಗೂ ಕೆಸರು. "ತಡಿ ಮಗ, ಎಲೆಯಲ್ಲಿ ಹಾಕ್ತೀನಿ" ಎಂದು ಬಾಳೆಲೆಗೆ ತಿರುಗಿದೆ. ಎಲೆ ಹಿಡಿದು ಈ ಕಡೆ ತಿರುಗಿದರೆ ಎದುರಿಗೆ ಯಾರೂ ಇಲ್ಲ. ಅಂಗಳದಲ್ಲಿ ಕೂತವರನ್ನು ಎಣಿಸಿದೆ. ನಲವತ್ತೊಂದು, ಎಲ್ಲರ ಕೈಯಲ್ಲೂ ತಟ್ಟೆ. ನಾನು ಆ ಎಲೆಗೂ ಬಡಿಸಿ ಪಕ್ಕಕ್ಕಿಟ್ಟೆ. ಭಯವಾಯಿತೇ ಎಂದರೆ ಆಯಿತು. ಆದರೆ ಹಸಿದು ಬಂದದ್ದಕ್ಕೆ ಬಡಿಸದೆ ಇರುವುದು ಹೇಗೆ?

ಊಟವಾದ ಮೇಲೆ ಭಾವ ತರಗತಿಗೆ ಹೋಗಿ ಹಾಜರಿ ಕರೆದರು. ಅಕ್ಕ ಕಿಟಕಿಯ ಹೊರಗೆ ನಿಂತಿದ್ದಳು, ನಾನು ಬಾಗಿಲಲ್ಲಿ. "ಫುದಿಯಾ ಗಾಮಾ." ಮೌನ. ಒಂದಾದ ಮೇಲೊಂದು ನಲವತ್ತೊಂದು ಹೆಸರು, ನಲವತ್ತೊಂದು ಮೌನ. ಆಮೇಲೆ ಅವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದರು. ಹಳೆಯ ಪುಟಕ್ಕೆ ಬಂದರು. 

"ಲೊಂಬೆ ಸ್ವಾರೆ."

"ಪ್ರೆಸೆಂಟ್ ಸಾರ್."

ಮೂರನೇ ಬೆಂಚಿನ ತುದಿಯಿಂದ ಬಂತು. ಅಲ್ಲಿ ಯಾರೂ ಕೂತಿರಲಿಲ್ಲ. ಮಕ್ಕಳೆಲ್ಲ ಆ ಕಡೆಗೇ ತಿರುಗಿದ್ದವು, ಎಲ್ಲರಿಗೂ ಕೇಳಿಸಿತ್ತು. ತುಟಿ ಬಿರಿಯುವಂಥ ಆ ಒಣಹವೆಯಲ್ಲಿ ಬೆಂಚಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ತಡವಾಗಿ ಬಂದವರನ್ನು ಯಾಕೆ ತಡ ಎಂದು ಕೇಳುವುದು ಭಾವನ ರೂಢಿ. ಅವತ್ತು ಕೇಳಲಿಲ್ಲ. ಪೆನ್ನು ತೆಗೆದು ಅವಳ ಹೆಸರಿನ ಮುಂದೆ ಗುರುತು ಹಾಕಿದರು. "ಭೇಷ್. ಕೂತ್ಕೋ," ಎಂದರು. ಮತ್ತೆ ಹೊಸ ಪುಟಕ್ಕೆ ಬಂದು ಮೊದಲಿನಿಂದ ಶುರುಮಾಡಿದರು.

"ಫುದಿಯಾ ಗಾಮಾ."

ಫುದಿಯಾ ಬೆಂಚಿನ ತುದಿಯನ್ನೇ ನೋಡುತ್ತಿದ್ದಳು. ಅಲ್ಲಿ ಓಗೊಟ್ಟವಳಿಗೆ ಏನೂ ಆಗಿರಲಿಲ್ಲ. "ಪ್ರೆಸೆಂಟ್ ಸಾರ್," ಎಂದಳು. ಒಡಕು ದನಿ, ದೊಡ್ಡ ಹುಡುಗಿಯ ದನಿ. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬ. ನಲವತ್ತೊಂದನೆಯವರೆಗೂ ಒಂದು ಹೆಸರೂ ಸುಮ್ಮನೆ ಹೋಗಲಿಲ್ಲ. ಪುಟದ ಕೆಳಗೆ ಭಾವ ಒಟ್ಟು ಹಾಜರಿ ನಲವತ್ತೆರಡು ಎಂದು ಬರೆದರು.

ಹೊರಗೆ ಬಂದ ಭಾವ ಅಕ್ಕನ ಎದುರು ನಿಂತರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮುಖ ಒಮ್ಮೆಲೇ ಒಡೆಯಿತು.

"ಹಲ್ಲು ಬಂದಿಲ್ಲ ಕಣೇ, ಯಟ್ಟಾ. ಕೇಳಿಸ್ಕೊಂಡ್ಯಾ, ಗಾಳಿ ಹೋಗ್ತಿತ್ತು. ಏಳು ವರ್ಷ ಆಯ್ತು, ಇನ್ನೂ ಹಲ್ಲು ಬಂದಿಲ್ಲ ಅವಳಿಗೆ."

ಅಕ್ಕ ಅವರ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಬದುಕಿದ್ದರೆ ಹದಿನಾಲ್ಕು, ಫುದಿಯಾಳ ವಾರಿಗೆ. ಬಾಯಿ ತುಂಬ ಹಲ್ಲಿರಬೇಕಿತ್ತು.

ಅವಳು ಓಗೊಟ್ಟ ದಿನವನ್ನೇ ಸತ್ತ ದಿನವೆಂದು ಹಿಡಿದು ಮೂರನೇ ದಿನಕ್ಕೆ ಗೊತ್ತುಮಾಡಿದರು. ನಡುವಿನ ಎರಡು ದಿನ ಭಾವ ಪಾಠ ಮಾಡಲಿಲ್ಲ. ಪ್ರತಿ ಮಗುವಿನ ಕೈಗೂ ಸರಳು ಕೊಟ್ಟು ರಿಮ್ಮನ್ನು ಬಾರಿಸಲು ಬಿಟ್ಟರು. "ಇದು ವಿಮಾನ ಅಲ್ಲ. ಇದು ಒಳಗೆ ಬಾ. ಇದು ಮನೆಗೆ ಹೋಗು," ಎಂದು ಕೈ ಹಿಡಿದು ಕಲಿಸಿದರು.

ಮೂರನೇ ದಿನ ಮಕ್ಕಳನ್ನು ತರಗತಿಯಲ್ಲಿ ಕೂರಿಸಿ ನಾವೆಲ್ಲ ಹೊಳೆಯ ದಡಕ್ಕೆ ಹೋದೆವು. ದೇಹ ಇಲ್ಲದ್ದರಿಂದ ಅವಳ ಹಳೆಯ ಸ್ಲೇಟಿನ ಚೂರೊಂದನ್ನು ಇಟ್ಟರು. ನಾನು ಕಲಸಿದ ಕೆಂಪನ್ನವನ್ನು ಎಲೆಯ ಮೇಲೆ ಬಡಿಸಿದೆ. ಅಕ್ಕ ಬಗ್ಗಿ ನೀರಿಗೆ ಮುಖ ಮಾಡಿ, "ಇಲ್ಲೇ ಇರು ಅಂತ ಹೆಸರಿಟ್ಟವಳು ನಾನೇ. ಈಗ ಹೋಗು ಅನ್ನೋಳೂ ನಾನೇ. ಹೋಗು ನನ್ನವ್ವಾ," ಎಂದಳು. ಊರ ಹಿರಿಯಜ್ಜಿ ಕೋಳಿ ಬಿಟ್ಟಳು.

ಕೋಳಿ ಕುಕ್ಕಲಿಲ್ಲ. ಅನ್ನದ ಮುಂದೆ ಕತ್ತು ಓರೆಮಾಡಿ ನಿಂತುಬಿಟ್ಟಿತು. ಕಾದೆವು. ಅಜ್ಜಿ ಮತ್ತೆ ಮತ್ತೆ ಬೇಡಿಕೊಂಡಳು.  ಒಪ್ಪುತ್ತಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ಮುಖ್ಯಸ್ಥರು ಶಾಲೆಯ ಕಡೆ ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು, ಇವತ್ತಿಗೆ ಅದರ ಬಾಗಿಲು ಮುಚ್ಚಿತು ಎಂದು. ಆಗ ನನಗೆ ತಟ್ಟನೆ ಹೊಳೆಯಿತು.

"ಭಾವ! ಹಾಜರಿ ಹಾಕಿದ್ರಿ, ಕೂತ್ಕೋ ಅಂದ್ರಿ. ಅವತ್ತಿಂದ ಶಾಲೆ ಬಿಡೋ ಗಂಟೆ ಹೊಡೆದಿದ್ದೀರಾ?"

ಅವರು ನನ್ನ ಮುಖ ನೋಡಿದರು. ಹಾಜರಿಯ ದಿನ ಗಂಟೆ ಯಾರಿಗೂ ನೆನಪಿರಲಿಲ್ಲ, ಆಮೇಲಿನ ಎರಡು ದಿನವೂ ಮಕ್ಕಳಿಗೆ ಬಾರಿಸಲು ಕಲಿಸುತ್ತಾ ಕತ್ತಲಾಗಿತ್ತು, ತಾಯಂದಿರು ಬಂದು ಕರೆದೊಯ್ದಿದ್ದರು. ಮೇಷ್ಟ್ರ ಕೈಯ ಉದ್ದನೆಯ ಗಂಟೆ ಆಗಿರಲಿಲ್ಲ. ಅದಾಗದೆ ಹೊಸಿಲು ದಾಟುವ ಮಗುವೇ ಅದು?

ಭಾವ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತಿಗೆ ಗಂಟೆ ಶುರುವಾಯಿತು. ಕೈ ನಿಲ್ಲಿಸದೆ, ಉದ್ದಕ್ಕೆ, ಬಾರಿಸುತ್ತಲೇ ಇದ್ದರು. ಅದು ನಿಂತಿತು. ಕೋಳಿ ಬಗ್ಗಿ ಅನ್ನ ಕುಕ್ಕಿತು. ಒಮ್ಮೆ, ಎರಡು ಸಲ, ಆಮೇಲೆ ಗಬಗಬ ತಿನ್ನತೊಡಗಿತು.

ಆಗಲೇ ಶಾಲೆಯ ಕಡೆಯಿಂದ ಗದ್ದಲ ಕೇಳಿಸಿತು. ಮಕ್ಕಳು ಕಿರುಚುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ, ಹೋ ಎಂದು ಮನೆಗೆ ಓಡುತ್ತಿದ್ದವು. ಊರಿಗೆ ವಾಪಸು ಬಂದ ಮೇಲೆ ಮಕ್ಕಳ ಗಲಾಟೆ ಕಿವಿಗೆ ಬಿದ್ದದ್ದು ಅದೇ ಮೊದಲು. ಅಕ್ಕ ಕೈ ಎತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿದಳು. ಆ ಕಡೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದಳು.

"ಇಲ್ಲ ಕಣೇ ಜಿಲೋ," ಎಂದಳು. "ಅದ್ರಲ್ಲಿ ಅವಳಿಲ್ಲ."

ಅನ್ನ ತಂದಿದ್ದ ಬುಟ್ಟಿ ಎತ್ತಿಕೊಂಡು ಮನೆಯ ಕಡೆ ನಡೆದಳು.